ಹಡಗಿಲ್ಲದ ಸೀಮೆಗೆ ಬರುವ ನೌಕಾಪಡೆಯ ದನಿ

ಸಮುದ್ರಕ್ಕೂ ನಮ್ಮ ಸೀಮೆಗೂ ಹೇಳಿಕೊಳ್ಳುವಂಥ ನಂಟಿಲ್ಲ. ಕೂಡ್ಲಿಗಿಯಿಂದ ಕಾರವಾರಕ್ಕೆ ಹಕ್ಕಿ ಹಾರಿದ ಹಾಗೆ ನೇರ ಗೆರೆ ಎಳೆದರೂ ಸುಮಾರು 250 ಕಿಲೋಮೀಟರ್ ಆಗುತ್ತದೆ. ಮಳೆಗಾಲದಲ್ಲೇ ಹಳ್ಳ ತುಂಬುವುದು ಅಪರೂಪವಾದ ಊರುಗಳು ನಮ್ಮವು. ಇದ್ದುದರಲ್ಲಿ ಹಡಗು ಎಂಬ ಮಾತು ಕೇಳಿಸುವುದು ಹೂವಿನ ಹಡಗಲಿಯ ಹೆಸರಿನಲ್ಲಿ ಮಾತ್ರ. ವಿಜಯನಗರದ ಅರಸರ ಕಾಲಕ್ಕೆ ಇಲ್ಲಿಂದ ಹೂವು ತುಂಬಿದ ಹಡಗುಗಳು ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿದ್ದವು, ಅದಕ್ಕೇ ಈ ಹೆಸರು ಎಂದು ಹಡಗಲಿಯವರು ಹೇಳುತ್ತಾರೆ. ಶಾಸನಗಳನ್ನು ನೋಡಿದರೆ ಊರಿನ ಹಳೆಯ ಹೆಸರು ಪೊಸವಡಂಗಿಲೆ. ಅದರಲ್ಲಿ ಹಡಗೂ ಇಲ್ಲ, ಹೊಳೆಯೂ ಇಲ್ಲ. ಜನ ಕಿವಿಗೆ ಬಿದ್ದ ಸದ್ದಿಗೆ ತಮಗೆ ಗೊತ್ತಿದ್ದ ಅರ್ಥ ಹಚ್ಚಿದರು. ಹೆಸರು ಹೇಳದೆ ಬರುವ ಸದ್ದು ಯಾರದೆಂದು ಗುರುತಿಸುವುದು ಎಷ್ಟು ಕಷ್ಟ ಎಂಬುದೇ ಈ ಲೇಖನದ ವಿಷಯವಾದ್ದರಿಂದ ಹಡಗಲಿಯನ್ನು ಮೊದಲೇ ನೆನೆಸಿಕೊಂಡೆ.

ಏಕೆಂದರೆ ಇಂಥ ನೀರಿಲ್ಲದ ಸೀಮೆಯ ಮೇಲೂ ಹಗಲು ರಾತ್ರಿ ಎನ್ನದೆ ಭಾರತೀಯ ನೌಕಾಪಡೆಯ ಒಂದು ದನಿ ಹಾಯ್ದು ಹೋಗುತ್ತಿರುತ್ತದೆ. ಅದರ ಆವರ್ತನ 18.2 ಕಿಲೋಹರ್ಟ್ಜ್. ಹೊರಡುವ ಜಾಗ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂ ಎಂಬ ಊರು, ಕೂಡ್ಲಿಗಿಯಿಂದ 700 ಕಿಲೋಮೀಟರಿಗೂ ಹೆಚ್ಚು ದೂರ. 1990ರ ಅಕ್ಟೋಬರಿನಲ್ಲಿ ಸೇವೆಗೆ ಸೇರಿದ ಈ ನೆಲೆಗೆ ಐಎನ್‌ಎಸ್ ಕಟ್ಟಬೊಮ್ಮನ್ ಎಂದು ಹೆಸರು. ಹೆಸರಿನ ಹಿಂದೆ ಐಎನ್‌ಎಸ್ ಇದ್ದರೂ ಇದು ಹಡಗಲ್ಲ. ನೆಲದ ಮೇಲಿನ ನೆಲೆಗಳಿಗೂ ನೌಕಾಪಡೆ ಹಡಗಿನ ಹಾಗೆಯೇ ಹೆಸರಿಡುತ್ತದೆ. ಅಲ್ಲಿ ನಿಂತಿರುವ ಕಂಬದ ಎತ್ತರ 471 ಮೀಟರ್. ಇಡೀ ದೇಶದಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಾಗಲಿ ಗೋಪುರವಾಗಲಿ ಇಲ್ಲ. ಸಮುದ್ರದೊಳಗೆ ಅಡಗಿರುವ ಜಲಾಂತರ್ಗಾಮಿಗಳಿಗೆ ದಡದಿಂದ ಮಾತು ಮುಟ್ಟಿಸುವುದು ಅದರ ಕೆಲಸ. ಹವ್ಯಾಸಿ ರೇಡಿಯೊ ಮಂದಿಯ ಪಟ್ಟಿಗಳಲ್ಲಿ ಇದು ವಿಟಿಎಕ್ಸ್ ಎಂಬ ಕರೆಹೆಸರಿನಲ್ಲಿ ಇರುತ್ತದೆ.

ವೀರಪಾಂಡ್ಯ ಕಟ್ಟಬೊಮ್ಮನ್ ಪಾಂಚಾಲಂಕುರಿಚಿಯ ಪಾಳೇಗಾರ. 1799ರ ಅಕ್ಟೋಬರಿನಲ್ಲಿ ಕಂಪನಿ ಸರ್ಕಾರ ಅವನನ್ನು ಕಯತ್ತಾರಿನಲ್ಲಿ ಗಲ್ಲಿಗೇರಿಸಿತು. ಮರುವರ್ಷ, 1800ರಲ್ಲಿ, ಬಳ್ಳಾರಿ ಸೀಮೆ ನಿಜಾಮನ ಕೈಯಿಂದ ಅದೇ ಕಂಪನಿಗೆ ಬಂತು. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು ಇಲ್ಲಿಯ ಪಾಳೇಗಾರರ ಕೋಟೆಗಳನ್ನೂ ಬಲವನ್ನೂ ಮುರಿದ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆ, ಇವೆಲ್ಲ ಪಾಳೇಪಟ್ಟುಗಳೇ. ಹಾಗಾಗಿ ತಿರುನೆಲ್ವೇಲಿಯ ಒಬ್ಬ ಪಾಳೇಗಾರನ ಹೆಸರು ಹೊತ್ತ ಅಲೆ ಗುಡೇಕೋಟೆಯ ಬಂಡೆಗಳ ಮೇಲೆ ಹಾಯುವಾಗ ನನಗೆ ಅದು ತೀರ ಪರಕೀಯ ಎನ್ನಿಸುವುದಿಲ್ಲ.

ಈ ಅಲೆಯ ಗಾತ್ರ ಮೊದಲು ತಿಳಿಯಬೇಕು. 18.2 ಕಿಲೋಹರ್ಟ್ಜ್ ಎಂದರೆ ಸೆಕೆಂಡಿಗೆ 18,200 ಕಂಪನ. ಒಂದು ಅಲೆಯ ಉದ್ದ ಸುಮಾರು 16.5 ಕಿಲೋಮೀಟರ್. ಕೂಡ್ಲಿಗಿ ಬಿಟ್ಟು ಕೊಟ್ಟೂರಿನ ಕಡೆ ನೇರ ನಡೆದರೆ ತೇರುಬಯಲು ಮುಟ್ಟುವ ಮುಂಚೆಯೇ ಒಂದು ಅಲೆ ಮುಗಿದಿರುತ್ತದೆ. ಇಷ್ಟು ಉದ್ದದ ಅಲೆ ಯಾಕೆ ಬೇಕು ಅಂದರೆ, ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ವಿದ್ಯುತ್ತು ಹಾಯುವ ವಸ್ತುವಿನೊಳಗೆ ರೇಡಿಯೊ ಅಲೆ ಬದುಕುವುದಿಲ್ಲ. ಸಾಮಾನ್ಯ ಶಾರ್ಟ್‌ವೇವ್ ಅಲೆ ಸಮುದ್ರದಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಸೊರಗಿಹೋಗುತ್ತದೆ. 18 ಕಿಲೋಹರ್ಟ್ಜ್ ಅಲೆ ಹೆಚ್ಚುಕಡಿಮೆ ಪ್ರತಿ ಎರಡು ಮೀಟರಿಗೆ ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತ ಹೋಗುತ್ತದೆಯಾದ್ದರಿಂದ, ಹೊರಟಾಗ ಸಾಕಷ್ಟು ಬಲವಿದ್ದರೆ ಹತ್ತು ಹದಿನೈದು ಮೀಟರ್ ಕೆಳಗಿನವರೆಗೂ ಕೇಳಿಸುತ್ತದೆ. ಜಲಾಂತರ್ಗಾಮಿ ಇನ್ನೂ ಕೆಳಗಿದ್ದರೆ ಬಾಲದಂತೆ ಒಂದು ತಂತಿಯನ್ನು ಮೇಲಕ್ಕೆ ತೇಲಿಬಿಡುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಎರಡು. ಒಂದು, ಜಾಗ. ಒಳ್ಳೆಯ ಆಂಟೆನಾ ಅಲೆಯ ಕಾಲು ಭಾಗದಷ್ಟು ಎತ್ತರ ಇರಬೇಕು. ಇಲ್ಲಿ ಅದು ನಾಲ್ಕು ಕಿಲೋಮೀಟರ್ ಆಗುತ್ತದೆ. ಅಷ್ಟು ಎತ್ತರ ಯಾರೂ ಕಟ್ಟಲಾರರು. ಅದಕ್ಕೇ ಕೆಲವು ನೂರು ಮೀಟರಿನ ಕಂಬಗಳನ್ನು ನಿಲ್ಲಿಸಿ, ತುದಿಯಲ್ಲಿ ಜೇಡರ ಬಲೆಯಂತೆ ತಂತಿ ಹರಡಿ, ನೆಲದೊಳಗೆ ಮೈಲುಗಟ್ಟಲೆ ತಾಮ್ರ ಹೂಳುತ್ತಾರೆ. ಸಾವಿರಾರು ಎಕರೆ ಬೇಕಾಗುತ್ತದೆ. ಇನ್ನೊಂದು ಬೆಲೆ ವೇಗದ್ದು. ಇಂಥ ನಿಲಯಗಳು ಸಾಮಾನ್ಯವಾಗಿ ಸೆಕೆಂಡಿಗೆ 200 ಬಿಟ್ ಕಳಿಸುತ್ತವೆ. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 24 ಬಿಟ್ ಹಿಡಿಯುತ್ತದೆ. ನೀವು ಓದುತ್ತಿರುವ ಈ ಲೇಖನವನ್ನೇ ಆ ದಾರಿಯಲ್ಲಿ ಕಳಿಸಿದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಹೀಗಾಗಿ ಅಲ್ಲಿ ಹೋಗುವ ಮಾತು ಚುಟುಕು. ಜೊತೆಗೆ ಅದು ಒಮ್ಮುಖ. ಕೇಳಿಸಿಕೊಂಡವರು ಹೂಂ ಅನ್ನುವ ಹಾಗಿಲ್ಲ.

ನಮ್ಮ ಕಡೆಯವರಿಗೆ ಇಂಥ ಮಾತಿನ ಪರಿಚಯ ಇದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ, ಸದ್ದಲೇ ಎಂದು ಕೂಗಿ, ಲಕ್ಷಾಂತರ ಜನರನ್ನು ಉಸಿರು ಹಿಡಿಸಿ, ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಕಾರ್ಣಿಕ ಎಲ್ಲರಿಗೂ ಕೇಳಿಸುತ್ತದೆ. ಅರ್ಥ ಮಳೆಯೋ ಬೆಳೆಯೋ ರಾಜಕೀಯವೋ ಎಂದು ವರ್ಷವಿಡೀ ಚರ್ಚೆ ನಡೆಯುತ್ತದೆ. ನೌಕಾಪಡೆಯ ಸಂಕೇತವೂ ಅರ್ಧ ಏಷ್ಯಾಕ್ಕೆ ಕೇಳಿಸುತ್ತದೆ. ಅರ್ಥವಾಗುವುದು ಮಾತ್ರ ಬೀಗದ ಕೈ ಇರುವವರಿಗೆ. ನಮ್ಮಂಥವರು ಅದನ್ನು ಬಿಡಿಸಲು ಹೋಗುವುದೂ ಇಲ್ಲ, ಹೋದರೆ ಆಗುವುದೂ ಇಲ್ಲ. ನಾವು ಕೇಳುವ ಪ್ರಶ್ನೆ ಒಂದೇ: ಇದು ಯಾರ ದನಿ?

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ, ಅದರಲ್ಲಿ ನಮ್ಮ ಪಾಲೂ ಇದೆ. 1905ರ ಮೇ 27ರ ನಸುಕಿನಲ್ಲಿ ಶಿನಾನೊ ಮಾರು ಎಂಬ ಜಪಾನಿನ ಹಡಗು ರಷ್ಯಾದ ನೌಕಾದಂಡನ್ನು ಕಂಡು ನಿಸ್ತಂತುವಿನಲ್ಲಿ ಸುದ್ದಿ ಮುಟ್ಟಿಸಿದಾಗ ಸುಶಿಮಾ ಕಾಳಗದ ಹಣೆಬರಹ ಅರ್ಧ ಬರೆದಾಗಿತ್ತು. ಆದರೆ ಸುದ್ದಿ ಕಳಿಸುವ ಯಂತ್ರವೇ ಕಳಿಸಿದವನನ್ನು ಹಿಡಿದುಕೊಡಬಲ್ಲದು ಎಂಬುದು ಚೆನ್ನಾಗಿ ಅರಿವಾದದ್ದು ಮೊದಲ ಮಹಾಯುದ್ಧದಲ್ಲಿ.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳು ಹೊತ್ತಿ ಉರಿದವು. ಜನ ಊರು ಬಿಟ್ಟು ಓಡಿದರು. ಮದ್ರಾಸೆಂದರೆ ಆಗ ನಮ್ಮ ರಾಜಧಾನಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೆಲ್ಲ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯವು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ತಮಿಳಿನಲ್ಲಿ ಬಲು ಚಾಲಾಕಿ ಮನುಷ್ಯನಿಗೆ ಇವತ್ತಿಗೂ ಎಮ್ಡನ್ ಅನ್ನುತ್ತಾರೆ. ಆ ಚಾಲಾಕಿತನದಲ್ಲಿ ದೊಡ್ಡ ಪಾಲು ಕಿವಿಯದು. ಎಮ್ಡೆನ್ ತಾನು ಬಾಯಿ ಬಿಡುತ್ತಿರಲಿಲ್ಲ, ಬೇರೆಯವರನ್ನು ಕೇಳುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ಕ್ಯೂಎಂಡಿ ಎಂದು ಸಹಿ ಹಾಕುವ ಹಡಗೊಂದರ ಸಂಕೇತ ಮತ್ತೆ ಮತ್ತೆ ಬಂದಾಗ, ಅದು ತನ್ನನ್ನು ಅಟ್ಟಿಕೊಂಡು ಬಂದ ಬ್ರಿಟಿಷ್ ಯುದ್ಧನೌಕೆಯೆಂದು ಊಹಿಸಿ, ಸದ್ದು ಜೋರಾದರೆ ಹತ್ತಿರ, ಸಣ್ಣದಾದರೆ ದೂರ ಎಂಬ ಲೆಕ್ಕದಲ್ಲಿ ತಪ್ಪಿಸಿಕೊಂಡಿತು. ಆ ಕ್ಯೂಎಂಡಿ ಎಂದರೆ ಹ್ಯಾಂಪ್‌ಷೈರ್ ಎಂಬ ಹಡಗು.

ಅಂದಿನ ಟ್ರಾನ್ಸ್‌ಮಿಟರುಗಳು ಕಿಡಿ ಹಾರಿಸಿ ಅಲೆ ಎಬ್ಬಿಸುವಂಥವು. ಜರ್ಮನಿಯ ಟೆಲಿಫುಂಕನ್ ಯಂತ್ರದ ಕಿಡಿಗೆ ಕೊಳಲಿನಂಥ ಇಂಪಾದ ದನಿ ಇತ್ತು. ಹಾಡುವ ಕಿಡಿ ಎಂದೇ ಅದನ್ನು ಕರೆಯುತ್ತಿದ್ದರು. ಕಿವಿ ಪಳಗಿದ ಆಪರೇಟರು ಅಕ್ಷರ ಓದುವ ಮುಂಚೆಯೇ ಇದು ಯಾವ ದೇಶದ ಯಂತ್ರ ಎಂದು ಹೇಳಬಲ್ಲವನಾಗಿದ್ದ. ಅದರ ಮೇಲೆ ಮೋರ್ಸ್ ಕುಟ್ಟುವ ಕೈಯ ಗುರುತು ಬೇರೆ. ಒಬ್ಬೊಬ್ಬನ ಕೈಗೂ ಒಂದೊಂದು ತಾಳ, ಕೈಬರಹವಿದ್ದ ಹಾಗೆ. 1941ರಲ್ಲಿ ಪರ್ಲ್ ಹಾರ್ಬರಿಗೆ ಹೊರಟ ಜಪಾನಿನ ವಿಮಾನವಾಹಕ ಹಡಗುಗಳು ತಮ್ಮ ಮಾಮೂಲಿ ಆಪರೇಟರುಗಳನ್ನು ದಡದಲ್ಲೇ ಬಿಟ್ಟು ಹೋದದ್ದು ಇದಕ್ಕೇ. ಅಮೆರಿಕದವರ ಕಿವಿಗೆ ಅದೇ ಕೈಗಳು ಊರಲ್ಲೇ ಕುಟ್ಟುತ್ತಿರುವುದು ಕೇಳಿಸುತ್ತಿತ್ತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಕೈಹಾಕಿದ ಹವ್ಯಾಸಿಗಳ ಕಥೆ 1921ರಷ್ಟು ಹಿಂದಿನದು. ಕಲ್ಕತ್ತದ ಅಮರೇಂದ್ರ ಚಂದ್ರ ಗುಪ್ತು ಅವರ ಹೆಸರು ಮೊದಲು ಬರುತ್ತದೆ. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಹವ್ಯಾಸಿಗಳ ಲೈಸೆನ್ಸು ರದ್ದಾಯಿತು, ಯಂತ್ರ ಒಪ್ಪಿಸಿ ಎಂದು ಸರ್ಕಾರ ಹೇಳಿತು. ಒಪ್ಪಿಸದೆ ಉಳಿದ ಬಿಡಿಭಾಗಗಳಿಂದ ಎದ್ದದ್ದು 1942ರ ಕಾಂಗ್ರೆಸ್ ರೇಡಿಯೊ. ನರಿಮನ್ ಪ್ರಿಂಟರ್ ಯಂತ್ರ ಜೋಡಿಸಿಕೊಟ್ಟರು. ಉಷಾ ಮೆಹತಾ ಮತ್ತು ಗೆಳೆಯರು ಆಗಸ್ಟ್ 27ರಿಂದ ಬೊಂಬಾಯಿಯಲ್ಲಿ ಮನೆಯಿಂದ ಮನೆಗೆ ಯಂತ್ರ ಹೊತ್ತು ತಿರುಗುತ್ತ 42.34 ಮೀಟರ್‌ನಲ್ಲಿ ಮಾತಾಡಿದರು. ದಿಕ್ಕು ಹಿಡಿಯುವ ಆಂಟೆನಾ ಹೊತ್ತ ಪೊಲೀಸ್ ವ್ಯಾನು ಬೀದಿ ಬೀದಿ ಸುತ್ತಿತು. ನವೆಂಬರ್ 12ರಂದು ಅವರು ಸಿಕ್ಕಿಬಿದ್ದರು. ಹೇಳುವವನನ್ನು ಅವನ ಅಲೆಯೇ ತೋರಿಸಿಕೊಡುತ್ತದೆ ಎಂಬ ಮಾತನ್ನು ಬೊಂಬಾಯಿಯ ಆ ಮೂರು ತಿಂಗಳು ಚೆನ್ನಾಗಿ ಕಲಿಸಿದವು.

ಸ್ವತಂತ್ರ ಭಾರತದ ನೌಕಾಪಡೆ ಇದೇ ಪಾಠವನ್ನು ತಿರುಗಿಸಿ ಬಳಸಿದ್ದು 1971ರಲ್ಲಿ. ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಕ್ರಾಂತ್ ಹಡಗನ್ನು ಹುಡುಕಿಕೊಂಡು ಬಂಗಾಳ ಕೊಲ್ಲಿಗೆ ಬಂದಿತ್ತು. ಬಂದಿದೆ ಎಂದು ಗೊತ್ತಾದದ್ದರಲ್ಲಿ ಒಂದು ಚಿಕ್ಕ ಸಂದೇಶದ ಪಾತ್ರ ದೊಡ್ಡದು. ಪಶ್ಚಿಮ ಪಾಕಿಸ್ತಾನದಿಂದ ಚಿತ್ತಗಾಂಗಿಗೆ ಯಾರೋ ಒಂದು ಬಗೆಯ ಯಂತ್ರದೆಣ್ಣೆ ಇದೆಯೇ ಎಂದು ವಿಚಾರಿಸಿದ್ದರು. ಆ ಎಣ್ಣೆ ಬಳಸುವುದು ಜಲಾಂತರ್ಗಾಮಿ ಮತ್ತು ಸಿಡಿಗುಂಡು ತೆಗೆಯುವ ಹಡಗುಗಳು ಮಾತ್ರ. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತನ್ನು ಅಂಡಮಾನಿನ ಕಡೆ ಅಡಗಿಸಿ, ರಾಜಪೂತ್ ಎಂಬ ಹಳೆಯ ಹಡಗಿಗೆ ವಿಕ್ರಾಂತಿನ ವೇಷ ಹಾಕಿಸಿದರು. ವೇಷ ಬಣ್ಣದ್ದಲ್ಲ, ದನಿಯದು. ದೊಡ್ಡ ಹಡಗಿಗೆ ಒಪ್ಪುವಷ್ಟು ನಿಸ್ತಂತು ಗದ್ದಲವನ್ನು ರಾಜಪೂತ್ ಎಬ್ಬಿಸಿತು. ನಾವಿಕನೊಬ್ಬ ತನ್ನ ತಾಯಿಯ ಆರೋಗ್ಯ ವಿಚಾರಿಸುವ ಖಾಸಗಿ ತಂತಿಯನ್ನು ಗುಪ್ತಲಿಪಿಯಿಲ್ಲದೆ ಬೇಕೆಂದೇ ಬಿತ್ತರಿಸಿತು. ಇಡೀ ಯುದ್ಧಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ತಂತಿ ಅದು; ಅಮ್ಮ ಹೇಗಿದ್ದಾಳೆ ಎಂದು ಕೇಳುವ ಮಗ ಸುಳ್ಳು ಹಡಗಿನಲ್ಲಿರಬಹುದೆಂದು ಯಾರಿಗೆ ಅನುಮಾನ ಬಂದೀತು? ಡಿಸೆಂಬರ್ 3ರ ನಡುರಾತ್ರಿ ಕಳೆದ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಹೊರಗೆ ಮುಳುಗಿತು. ರಾಜಪೂತಿನ ಬಾಂಬಿನಿಂದಲೋ, ತಾನೇ ಹಾಸುತ್ತಿದ್ದ ಸಿಡಿಗುಂಡಿನಿಂದಲೋ ಎಂಬ ವಾದ ಎರಡೂ ದೇಶಗಳ ನಡುವೆ ಇನ್ನೂ ಉಳಿದಿದೆ. ಒಳಗಿದ್ದ ಒಬ್ಬರೂ ಬದುಕಲಿಲ್ಲ. ಅದಾದ ಐದಾರು ದಿನಕ್ಕೇ, ಡಿಸೆಂಬರ್ 9ರ ರಾತ್ರಿ, ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ದೀವ್ ಬಳಿ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು.

ನೀರೊಳಗಿನ ಹಡಗು ಬಾಯಿ ಬಿಟ್ಟರೆ ಸತ್ತ ಹಾಗೆ. ಅದು ಕೇಳುತ್ತಲೇ ಇರಬೇಕು, ಮಾತಾಡಬಾರದು. ಭಾರತದ ಮೊದಲ ಜಲಾಂತರ್ಗಾಮಿ ಕಲ್ವರಿ 1967ರಲ್ಲೇ ಬಂದಿತ್ತು. ಸೋವಿಯತ್ ಒಕ್ಕೂಟದಿಂದ ಬಾಡಿಗೆಗೆ ತಂದ ಪರಮಾಣು ಜಲಾಂತರ್ಗಾಮಿ ಚಕ್ರ 1988ರಿಂದ 1991ರವರೆಗೆ ನಮ್ಮಲ್ಲಿತ್ತು. ತಿಂಗಳುಗಟ್ಟಲೆ ಮೇಲೆ ಬಾರದೆ ಇರಬಲ್ಲ ಹಡಗಿಗೆ ದಡದ ಮಾತು ನೀರೊಳಗೇ ತಲುಪಬೇಕು. ಕಟ್ಟಬೊಮ್ಮನ್ ನೆಲೆ ಎದ್ದ ಕಾಲ ಅದು. ಬ್ರಿಟನ್ನು ರಗ್ಬಿಯಲ್ಲಿ 16 ಕಿಲೋಹರ್ಟ್ಜ್ ನಿಲಯ ತೆರೆದದ್ದು 1926ರಲ್ಲಿ. ಜರ್ಮನಿಯ ಗೋಲಿಯತ್ 1943ರಲ್ಲಿ ಬಂತು, ಯುದ್ಧ ಸೋತ ಮೇಲೆ ರಷ್ಯನ್ನರು ಅದನ್ನು ಕಳಚಿ ಕೊಂಡೊಯ್ದು ತಮ್ಮಲ್ಲಿ ಮತ್ತೆ ನಿಲ್ಲಿಸಿದರು. ಆ ಸಾಲಿಗೆ ನಾವು ತಡವಾಗಿ ಸೇರಿದೆವು.

ಇನ್ನು ಹವ್ಯಾಸಿಗಳ ಮಾತು. 2007ರ ಜಿನೀವಾ ಸಮ್ಮೇಳನ 135.7ರಿಂದ 137.8 ಕಿಲೋಹರ್ಟ್ಜ್‌ವರೆಗಿನ ಒಂದು ಸಣ್ಣ ಪಟ್ಟಿಯನ್ನು ಹವ್ಯಾಸಿ ರೇಡಿಯೊಗೆ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟಿತು ಅನ್ನುವುದಕ್ಕಿಂತ ಹಿತ್ತಲ ಬಾಗಿಲಲ್ಲಿ ಕೂರಿಸಿತು ಅನ್ನಬೇಕು. ಹೊರಸೂಸುವ ಬಲ 1 ವ್ಯಾಟಿನ ಆಸುಪಾಸು, ಮನೆಯ ಯಜಮಾನರು ಬೇರೆಯವರು. ಯೂರೋಪಿನ ಕೆಲವು ದೇಶಗಳು ಅದಕ್ಕಿಂತ ಹತ್ತು ವರ್ಷ ಮೊದಲೇ ತಮ್ಮವರಿಗೆ ಈ ಪಟ್ಟಿಯಲ್ಲಿ ಅವಕಾಶ ಕೊಟ್ಟಿದ್ದವು. ಹೋದವರಿಗೆ ಅಲ್ಲಿ ಮೊದಲೇ ದೊಡ್ಡ ದನಿಯವರು ಕೂತಿರುವುದು ಕಂಡಿತು. 135.8ರ ಹತ್ತಿರ ಗ್ರೀಸ್ ನೌಕಾಪಡೆಯ ಎಸ್‌ಎಕ್ಸ್‌ವಿ, 137ರಲ್ಲಿ ಕೆನಡಾ ನೌಕಾಪಡೆಯ ಹ್ಯಾಲಿಫ್ಯಾಕ್ಸ್ ನಿಲಯ ಸಿಎಫ್‌ಎಚ್. ಒಂದೊಂದು ಚುಕ್ಕೆಯನ್ನು ಮೂರು ಸೆಕೆಂಡು, ಮೂವತ್ತು ಸೆಕೆಂಡು ಎಳೆದು ಕಳಿಸುವ ಹವ್ಯಾಸಿಯ ಪಿಸುಮಾತಿನ ಪಕ್ಕದಲ್ಲಿ ಇಂಥ ನಿಲಯ ಅರಚುತ್ತಿದ್ದರೆ, ಅದು ಯಾರು, ಎಷ್ಟು ಅಗಲ, ಯಾವಾಗ ಸುಮ್ಮನಾಗುತ್ತದೆ ಎಂದು ತಿಳಿದುಕೊಳ್ಳದೆ ಗತಿಯಿಲ್ಲ. ನೌಕಾ ನಿಲಯಗಳನ್ನು ಗುರುತಿಸುವ ವಿದ್ಯೆ ಹವ್ಯಾಸಿಗಳಲ್ಲಿ ಬೆಳೆದದ್ದು ಇಂಥ ಅಕ್ಕಪಕ್ಕದ ಜಗಳದಿಂದ.

ಈಗ ಕೈಯ ತಾಳ ಇಲ್ಲ, ಹಾಡುವ ಕಿಡಿಯೂ ಇಲ್ಲ. ಯಂತ್ರ ಯಂತ್ರಕ್ಕೆ ಮಾತಾಡುತ್ತದೆ, ಎಂಎಸ್‌ಕೆ ಎಂಬ ವಿಧಾನದಲ್ಲಿ ಎರಡು ಆವರ್ತನಗಳ ನಡುವೆ ಸದ್ದಿಲ್ಲದೆ ಜಾರುತ್ತ. ಕರೆಹೆಸರು ಹೇಳುವ ಪದ್ಧತಿ ಬಹುತೇಕ ನಿಂತಿದೆ. ಹಾಗಾದರೆ ಗುರುತಿಸುವುದು ಹೇಗೆ?

ನಮ್ಮಲ್ಲಿ ಇದಕ್ಕೆ ಬೇಕಾದ ಸಾಮಾನು ದುಬಾರಿಯದೇನಲ್ಲ. ಬೋರ್‌ವೆಲ್ ಮೋಟಾರು ಸುಡುವುದು ನಮ್ಮ ಸೀಮೆಯ ನಿತ್ಯದ ಕಥೆ. ಕೊಟ್ಟೂರಿನಲ್ಲೂ ಹಗರಿಬೊಮ್ಮನಹಳ್ಳಿಯಲ್ಲೂ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಅಲ್ಲಿ ಸಿಗುವ ಬಣ್ಣ ಬಳಿದ ತಾಮ್ರದ ತಂತಿಯನ್ನು ಒಂದು ಮೀಟರಿನ ಮರದ ಚೌಕಟ್ಟಿಗೆ ನೂರು ಸುತ್ತು ಸುತ್ತಿದರೆ ಲೂಪ್ ಆಂಟೆನಾ ಆಯಿತು. ತಂತಿಯ ತುದಿಗಳನ್ನು ಸಣ್ಣ ಆಂಪ್ಲಿಫೈಯರ್ ಮೂಲಕ ಹಳೆಯ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸೇರಿಸಬೇಕು. ಸೌಂಡ್ ಕಾರ್ಡು ಸೆಕೆಂಡಿಗೆ 48,000 ಮಾದರಿ ತೆಗೆದುಕೊಳ್ಳುವಂಥದ್ದಾದರೆ 24 ಕಿಲೋಹರ್ಟ್ಜ್‌ವರೆಗೆ ಎಲ್ಲವನ್ನೂ ಹಿಡಿಯುತ್ತದೆ. ರೇಡಿಯೊ ಪೆಟ್ಟಿಗೆಯೇ ಬೇಡ! ಸ್ಪೆಕ್ಟ್ರಮ್ ಲ್ಯಾಬ್ ಎಂಬ ಉಚಿತ ತಂತ್ರಾಂಶ ತೆರೆದರೆ ಪರದೆಯ ಮೇಲೆ ಗೆರೆಗಳು ಇಳಿಯತೊಡಗುತ್ತವೆ. ಬೇಸಿಗೆಯ ಸಂಜೆ ಅಡ್ಡಡ್ಡ ಚುಚ್ಚುವ ಗೆರೆಗಳೆಲ್ಲ ಸಿಡಿಲಿನವು. ಅಡ್ಡಮಳೆ ಎಲ್ಲೋ ನೂರಾರು ಮೈಲಿ ದೂರ ಬಿದ್ದರೂ ಇಲ್ಲಿ ಚಟಪಟ ಅನ್ನುತ್ತದೆ. ಉದ್ದಕ್ಕೆ ಕದಲದೆ ನಿಂತ ಪಟ್ಟೆಗಳು ಮನುಷ್ಯರವು.

ಮನುಷ್ಯರವು ಅಂದ ಮಾತ್ರಕ್ಕೆ ನೌಕಾಪಡೆಯದು ಅಂತಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಅದರ ಮರಿಗಳು 50ರ ಮಗ್ಗಿಯಲ್ಲಿ ಮೇಲಕ್ಕೆ ಹತ್ತುತ್ತ ಹೋಗುತ್ತವೆ. 18,200 ಎಂಬ ಸಂಖ್ಯೆ ಕೂಡ ಆ ಮಗ್ಗಿಯಲ್ಲಿದೆ. ಸೋಲಾರ್ ಪಂಪಿನ ಪೆಟ್ಟಿಗೆ, ಎಲ್‌ಇಡಿ ಬಲ್ಬು, ಯುಪಿಎಸ್, ಇವುಗಳ ಗದ್ದಲ ಬೇರೆ. ಪರೀಕ್ಷೆಗೆ ಸುಲಭದ ದಾರಿ ಕರೆಂಟು ಹೋಗುವುದನ್ನು ಕಾಯುವುದು. ಬೆಂಗಳೂರಿನ ಹವ್ಯಾಸಿಗಳಿಗೆ ಇಲ್ಲದ ಅನುಕೂಲ ಇದು. ಊರೆಲ್ಲ ಕತ್ತಲಾದಾಗ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಪರದೆ ನೋಡಿದರೆ ಅರ್ಧ ಗೆರೆಗಳು ಮಾಯವಾಗಿರುತ್ತವೆ. ಉಳಿದವು ದೂರದವು. 18.2ರ ಪಟ್ಟೆ ಉಳಿಯುತ್ತದೆ, ಮುಂಚಿಗಿಂತ ನಿಚ್ಚಳವಾಗಿ.

ಎರಡನೆಯ ಸಾಕ್ಷಿ ದಿಕ್ಕು. ಲೂಪಿನ ಅಂಚು ನಿಲಯದ ಕಡೆಗಿದ್ದಾಗ ಸದ್ದು ಜೋರು, ಮುಖ ಅದರ ಕಡೆ ತಿರುಗಿದಾಗ ಸದ್ದು ಅಡಗುತ್ತದೆ. ಅಡಗುವ ಬಿಂದು ಚೂಪಾಗಿರುವುದರಿಂದ ಅದನ್ನೇ ಹಿಡಿಯಬೇಕು. ಕೂಡ್ಲಿಗಿಯಲ್ಲಿ 18.2 ಅಡಗುವಾಗ ಲೂಪಿನ ಮುಖ ದಕ್ಷಿಣಕ್ಕೆ, ಒಂಚೂರು ಪೂರ್ವಕ್ಕೆ ವಾಲಿ ನಿಂತಿರುತ್ತದೆ. 19.8ರಲ್ಲಿ ಇನ್ನೊಂದು ಪಟ್ಟೆ ಇದೆ. ಅದು ಅಡಗುವುದು ಆಗ್ನೇಯಕ್ಕೆ. ಆಸ್ಟ್ರೇಲಿಯದ ಪಶ್ಚಿಮ ತುದಿಯ ನಾರ್ತ್ ವೆಸ್ಟ್ ಕೇಪಿನಲ್ಲಿ ಅಮೆರಿಕದವರು ಕಟ್ಟಿಸಿದ, 1967ರಿಂದ ನಡೆಯುತ್ತಿರುವ ಎನ್‌ಡಬ್ಲ್ಯೂಸಿ ನಿಲಯ ಅದು, ಇಲ್ಲಿಂದ ಸುಮಾರು 5,800 ಕಿಲೋಮೀಟರ್. 22.2ರಲ್ಲಿ ಈಶಾನ್ಯದ ಕಡೆಯಿಂದ ಬರುವುದು ಜಪಾನಿನ ಎಬಿನೊ. ಅದೂ ಹೆಚ್ಚುಕಡಿಮೆ ಅಷ್ಟೇ ದೂರ. ಕಾಗದದ ಮೇಲೆ ಇದೆಲ್ಲ ಚೆಂದ. ಆದರೆ ಲೂಪಿಗೆ ಹಿಂದು ಮುಂದು ತಿಳಿಯುವುದಿಲ್ಲ, ದಕ್ಷಿಣವೂ ಉತ್ತರವೂ ಅದಕ್ಕೆ ಒಂದೇ. ಬೇರೊಂದು ಜಾಗದಿಂದ ಗೆರೆ ಎಳೆದು ಎರಡೂ ಕೂಡುವಲ್ಲಿ ನಿಲಯ ಎನ್ನಬೇಕು. ಹರಪನಹಳ್ಳಿಗೆ ಹೋಗಿ ಎಳೆದರೆ ಆಗದೇ? ಕೂಡ್ಲಿಗಿಗೂ ಹರಪನಹಳ್ಳಿಗೂ ಇರುವ ನಲವತ್ತು ಚಿಲ್ಲರೆ ಕಿಲೋಮೀಟರಿಗೆ ವಿಜಯನಾರಾಯಣಂನ ದಿಕ್ಕು ಬದಲಾಗುವುದು ಮೂರು ಡಿಗ್ರಿ ಮಾತ್ರ. ಮರದ ಚೌಕಟ್ಟನ್ನು ಕೈಯಲ್ಲಿ ತಿರುಗಿಸಿದಾಗ ಆಗುವ ಹೆಚ್ಚುಕಮ್ಮಿಯೇ ಅಷ್ಟಿರುತ್ತದೆ. ಐದೂ ತಾಲ್ಲೂಕು ಸುತ್ತಿದರೂ ಪ್ರಯೋಜನವಿಲ್ಲ. ಮಂಗಳೂರಿನಲ್ಲೋ ವಿಶಾಖಪಟ್ಟಣದಲ್ಲೋ ಇನ್ನೊಂದು ಲೂಪು ಬೇಕು. ಒಂಟಿಯಾಗಿ ಆಗುವ ಹವ್ಯಾಸ ಇದಲ್ಲ.

ಒಂಟಿಯಾಗಿಯೇ ನೋಡಬಹುದಾದ ಮೂರನೆಯ ಸಾಕ್ಷಿ ಸೂರ್ಯ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಈ ಅಲೆಗಳು ನೆಲಕ್ಕೂ ಅಯಾನುಗೋಳದ ತಳಕ್ಕೂ ನಡುವಿನ ಓಣಿಯಲ್ಲಿ ಹರಿಯುತ್ತವೆ. ಹಗಲು ಆ ಓಣಿಯ ಚಾವಣಿ 70 ಕಿಲೋಮೀಟರಿನಷ್ಟು ಎತ್ತರದಲ್ಲಿದ್ದರೆ ರಾತ್ರಿ 85ರ ಹತ್ತಿರಕ್ಕೆ ಏರುತ್ತದೆ. ದಾರಿಯ ಮೇಲೆ ಸಂಜೆ ಸರಿಯುತ್ತಿದ್ದಂತೆ ಸದ್ದು ಏರಿಳಿಯುತ್ತದೆ. ಜಪಾನಿನಲ್ಲಿ ಹೊತ್ತು ಮುಳುಗುವುದು ನಮಗಿಂತ ಮೂರೂವರೆ ಗಂಟೆ ಮೊದಲು, ಆದ್ದರಿಂದ 22.2ರ ಪಟ್ಟೆ ನಮ್ಮ ಮಧ್ಯಾಹ್ನವೇ ತಡವರಿಸತೊಡಗುತ್ತದೆ. ಆಸ್ಟ್ರೇಲಿಯದ್ದು ಅದಾದ ಮೇಲೆ. ತಿರುನೆಲ್ವೇಲಿಯದು ಮಾತ್ರ ನಮ್ಮ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೇ ಕದಲುತ್ತದೆ, ಅದರ ಸಂಜೆಯೂ ನಮ್ಮ ಸಂಜೆಯೂ ಒಂದೇ ಆದ್ದರಿಂದ. ವಾರವಿಡೀ ಗ್ರಾಫು ಬರೆದಿಟ್ಟರೆ ನಕ್ಷೆ ನೋಡದೆಯೂ ಯಾವ ಪಟ್ಟೆ ಯಾವ ರೇಖಾಂಶದ್ದು ಎಂದು ಹೇಳಬಹುದು. ಯಾವ ಗುಪ್ತಲಿಪಿಯೂ ಇದನ್ನು ಮುಚ್ಚಿಡಲಾರದು.

ಇದೇ ಕಾರಣಕ್ಕೆ ವಿಜ್ಞಾನಿಗಳಿಗೂ ಈ ನಿಲಯಗಳ ಮೇಲೆ ಪ್ರೀತಿ. ಅಲಹಾಬಾದ್, ವಾರಾಣಸಿ, ನೈನಿತಾಲ್‌ಗಳಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ರಿಸೀವರುಗಳು ಕೂತದ್ದು ಆಸ್ಟ್ರೇಲಿಯದ ಮತ್ತು ತಿರುನೆಲ್ವೇಲಿಯ ನಿಲಯಗಳಂಥವನ್ನು ಕೇಳಲಿಕ್ಕೇ. 2009ರ ಜುಲೈ 22ರ ಖಗ್ರಾಸ ಸೂರ್ಯಗ್ರಹಣದಲ್ಲಿ ಕೋಲ್ಕತ್ತದ ಇಂಡಿಯನ್ ಸೆಂಟರ್ ಫಾರ್ ಸ್ಪೇಸ್ ಫಿಸಿಕ್ಸ್ ದೇಶದ ಹಲವು ಊರುಗಳಲ್ಲಿ ಆಂಟೆನಾ ಇಟ್ಟು 18.2ನ್ನೇ ಅಳೆಯಿತು, ಚಂದ್ರನ ನೆರಳು ಬಿದ್ದಲ್ಲಿ ಅಯಾನುಗೋಳ ಹೇಗೆ ಮೇಲೆದ್ದಿತು ಎಂಬುದು ನೌಕಾಪಡೆಯ ಸಂಕೇತದಿಂದ ಗೊತ್ತಾಯಿತು. 2024ರ ಮೇ 10ರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯನಲ್ಲಿ ದೊಡ್ಡ ಜ್ವಾಲೆಯೊಂದು ಸಿಡಿದಾಗ ನನ್ನ ಪರದೆಯ ಗೆರೆಯೂ ನಿಮಿಷಗಳಲ್ಲಿ ನೆಗೆದು, ನಿಧಾನಕ್ಕೆ ಇಳಿಯಿತು. ಹೊರಗೆ ಮಾಮೂಲಿ ಬಿಸಿಲು.

ಇಷ್ಟೆಲ್ಲ ಚೆಂದದ ವಿಜ್ಞಾನದ ನಡುವೆ ಒಂದು ಮಾತನ್ನು ನಾನು ಮರೆಯಲಾರೆ. ಆ ಪಟ್ಟೆ ಇರುವುದು ಸೂರ್ಯನನ್ನು ಅಳೆಯಲಿಕ್ಕಲ್ಲ. 2016ರಲ್ಲಿ ಅರಿಹಂತ್ ನೌಕಾಪಡೆಗೆ ಸೇರಿತು. 2018ರ ನವೆಂಬರಿನಲ್ಲಿ ಅದು ತನ್ನ ಮೊದಲ ಕಾವಲು ಪಯಣ ಮುಗಿಸಿ ಬಂತೆಂದು ಪ್ರಧಾನಿ ಪ್ರಕಟಿಸಿದರು. ಅದರೊಳಗಿರುವುದು ಪರಮಾಣು ಅಸ್ತ್ರ. ಮೊದಲು ನಾವಾಗಿ ಬಳಸುವುದಿಲ್ಲ ಎಂಬುದು 2003ರ ಜನವರಿಯಲ್ಲಿ ಸರ್ಕಾರ ಸಾರಿದ ನೀತಿ. ಹಾಗೆಂದರೆ, ಎಂದಾದರೂ ಅಪ್ಪಣೆ ಹೊರಟರೆ ಅದು ನಮ್ಮ ಊರುಗಳಲ್ಲಿ ಕೆಲವು ಆಗಲೇ ಇಲ್ಲವಾದ ಮೇಲೆ. ಆ ಚುಟುಕು ಅಪ್ಪಣೆ ನೀರೊಳಗೆ ಇಳಿಯಬೇಕಾದ ದಾರಿ ಇಂಥ ಅಲೆಗಳದೇ. ಉಳಿದ ದಿನಗಳಲ್ಲಿ ಹೋಗುವ ಸಂಕೇತಕ್ಕೂ ಅದಕ್ಕೂ ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಕಾಣಬಾರದು ಎಂದೇ ಬಿಡುವಿಲ್ಲದೆ ಏನಾದರೊಂದನ್ನು ಕಳಿಸುತ್ತಲೇ ಇರುತ್ತಾರೆ. ಪಟ್ಟೆ ಕೆಲವೊಮ್ಮೆ ಕೆಲವು ಗಂಟೆ ನಿಲ್ಲುವುದುಂಟು, ಯಂತ್ರದ ರಿಪೇರಿಗೆ ಇರಬಹುದು. ಅಂಥ ಹೊತ್ತಿನಲ್ಲಿ ಅದು ಮತ್ತೆ ಬರುವವರೆಗೆ ನನಗೆ ಬೇರೆ ಕೆಲಸ ಹತ್ತುವುದಿಲ್ಲ.

ಈ ದನಿಗಳಿಗೆ ನೆಲ ಕೊಟ್ಟವರ ಚರಿತ್ರೆಯೂ ಇದರ ಜೊತೆಗೇ ಬರೆಯಬೇಕಾದದ್ದು. ಕಾರವಾರದ ಸೀಬರ್ಡ್ ಯೋಜನೆಗೆ ಸಾವಿರಾರು ಕುಟುಂಬಗಳು ಕಡಲ ದಂಡೆ ಬಿಟ್ಟವು; 2005ರಲ್ಲಿ ಅಲ್ಲಿ ತಲೆಯೆತ್ತಿದ ನೆಲೆಗೆ ಬನವಾಸಿಯ ಕದಂಬರ ಹೆಸರಿಟ್ಟರು. ತುಂಗಭದ್ರೆಯ ಹಿನ್ನೀರಿಗೆ ಹೊಲ ಮನೆ ಕೊಟ್ಟವರ ಮಕ್ಕಳು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಈಗಲೂ ಇದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ಸರದಿ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನದು. ದೇಶದ ಎರಡನೆಯ ಇಂಥ ನಿಲಯಕ್ಕೆಂದು 2024ರ ಜನವರಿಯಲ್ಲಿ 1,174 ಹೆಕ್ಟೇರ್ ಅರಣ್ಯ ಭೂಮಿಯನ್ನು ರಾಜ್ಯ ಸರ್ಕಾರ ನೌಕಾಪಡೆಗೆ ಒಪ್ಪಿಸಿತು. ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ವೆಚ್ಚ 3,200 ಕೋಟಿ ರೂಪಾಯಿ. ಮೂಸಿ ನದಿ ಹುಟ್ಟುವ ಅನಂತಗಿರಿ ಬೆಟ್ಟಗಳ ಸೀಮೆ ಅದು. ಮರಗಳ ಬಗ್ಗೆ, ನೀರಿನ ಬಗ್ಗೆ, ಕಾಡಿನೊಳಗಿನ ರಾಮಲಿಂಗೇಶ್ವರ ಗುಡಿಯ ಬಗ್ಗೆ ಸುತ್ತಲಿನ ಹಳ್ಳಿಯವರೂ ಪರಿಸರದವರೂ ತಕರಾರು ಎತ್ತಿದರು. ಗುಡಿಗೆ ಹೋಗಿಬರಲು ದಾರಿ ಬಿಡುತ್ತೇವೆ, ಮರ ಆದಷ್ಟು ಕಡಿಮೆ ಕಡಿಯುತ್ತೇವೆ ಎಂದು ಸರ್ಕಾರ ಹೇಳಿದೆ. ಒಂದು ಅಲೆ 16 ಕಿಲೋಮೀಟರ್ ಉದ್ದ ಇರುವವರೆಗೆ ಅದರ ಕಂಬಗಳಿಗೆ ಕಾಡಿನಷ್ಟು ಜಾಗ ಬೇಕೇ ಬೇಕು ಎಂಬುದು ನನಗೆ ಗೊತ್ತು. ಆ ಲೆಕ್ಕವನ್ನು ದಾಮಗುಂಡದ ದನಗಾಹಿಗೆ ಒಪ್ಪಿಸಲು ನನಗೆ ಬಾಯಿ ಬರುವುದಿಲ್ಲ.

ದಾಮಗುಂಡಂ ಕೂಡ್ಲಿಗಿಯಿಂದ ಸುಮಾರು 300 ಕಿಲೋಮೀಟರ್, ತಿರುನೆಲ್ವೇಲಿಗೆ ಹೋಲಿಸಿದರೆ ಅರ್ಧಕ್ಕೂ ಹತ್ತಿರ. ದಿಕ್ಕು ಉತ್ತರಕ್ಕೆ, ಸ್ವಲ್ಪ ಈಶಾನ್ಯಕ್ಕೆ ವಾಲಿ. ಕಟ್ಟಬೊಮ್ಮನ್ ದಕ್ಷಿಣಕ್ಕೆ ಪೂರ್ವ ಸೇರಿದಂತೆ ಇದ್ದರೆ ಇದು ಉತ್ತರಕ್ಕೆ ಪೂರ್ವ ಸೇರಿದಂತೆ. ಎರಡೂ ಅಡಗುವ ಬಿಂದುಗಳ ನಡುವೆ ಲೂಪಿನಲ್ಲಿ ನಲವತ್ತು ಡಿಗ್ರಿ ಅಂತರ ಸಿಗುತ್ತದೆ. ಚೌಕಟ್ಟಿನ ಬುಡದಲ್ಲಿ ಡಿಗ್ರಿ ಗುರುತು ಹಾಕಿದ ಹಲಗೆಯ ಮೇಲೆ ಆ ಜಾಗಕ್ಕೆ ಸೀಸದ ಕಡ್ಡಿಯಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ.